ನೆರೆಯೂರುಗಳ ಏಳಿಗೆಗೆ ಒಂದೇ ಯೋಜನೆ
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಬೀರೂರಿನ ರೈಲು ನಿಲ್ದಾಣದಲ್ಲಿ ನಿಂತು ನೋಡಿದರೆ ನನ್ನ ಇಂದಿನ ವಿಷಯವೆಲ್ಲ ಕಣ್ಣೆದುರಿಗೇ ಇದೆ. ಬೆಂಗಳೂರಿನತ್ತ ಹೋಗುವ ಹಳಿ ಆರೇಳು ಕಿಲೋಮೀಟರಿನಲ್ಲೇ ಕಡೂರನ್ನು ಮುಟ್ಟುತ್ತದೆ. ಹುಬ್ಬಳ್ಳಿಯ ಹಳಿ ಅಜ್ಜಂಪುರವನ್ನೂ ಶಿವಮೊಗ್ಗದ ಹಳಿ ತರೀಕೆರೆಯನ್ನೂ ಹಾದುಹೋಗುತ್ತವೆ. 1899ರಲ್ಲಿ ಶಿವಮೊಗ್ಗದ ಕವಲು ತೆರೆದು ನಮ್ಮೂರು ಜಂಕ್ಷನ್ ಆಯಿತು. 2013ರಲ್ಲಿ ಚಿಕ್ಕಮಗಳೂರಿನ ಹಳಿ ತೆರೆದಾಗ ಕಡೂರೂ ಜಂಕ್ಷನ್ ಆಯಿತು. ನಾಲ್ಕೂರುಗಳನ್ನು ಹಳಿಗಳು ಒಂದುಗೂಡಿಸಿವೆ. ನಾವು ಮಾತ್ರ ಒಂದೂರಿಗೆ ದೊರೆತದ್ದು ಇನ್ನೊಂದಕ್ಕೆ ತಪ್ಪಿತೆಂದು ಮರುಗುತ್ತಿದ್ದೇವೆ.

ಈ ಸೀಮೆ ಬಡ ಸೀಮೆಯಲ್ಲ. ತರೀಕೆರೆಯ ಕಡೆ ಅಡಿಕೆ, ಕಡೂರಿನ ಕಡೆ ತೆಂಗು, ಅಜ್ಜಂಪುರದ ಕಡೆ ಈರುಳ್ಳಿ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದುಬಂದ ಅಮೃತಮಹಲ್ ರಾಸುಗಳ ತಳಿ ಸಂವರ್ಧನ ಕೇಂದ್ರವೂ ಅಜ್ಜಂಪುರದಲ್ಲಿಯೇ ಇದೆ. ಆದರೆ ಬೆಳೆದದ್ದರಲ್ಲಿ ಬಹುಪಾಲು ಮೂಟೆ ಕಟ್ಟಿದ ಹಾಗೆಯೇ ಹೊರಟುಹೋಗುತ್ತದೆ. ಅದರ ಹಿಂದೆಯೇ ಓದಿದ ಮಕ್ಕಳೂ ಬೆಂಗಳೂರಿನ ಬಂಡಿ ಹತ್ತುತ್ತಾರೆ. ಈರುಳ್ಳಿಯ ಬೆಲೆ ಕುಸಿದಾಗ ನಾಲ್ಕು ದಿನ ಕಾಯಲು ರೈತನಿಗೆ ಗಾಳಿಯಾಡುವ ಉಗ್ರಾಣ ಬೇಕು. ತೆಂಗಿನ ನಾರನ್ನು ಹುರಿ ಮಾಡುವ, ಚಿಪ್ಪನ್ನು ಇದ್ದಿಲು ಮಾಡುವ ಕೆಲಸಗಳು ಇಲ್ಲಿಯೇ ನಡೆಯಬೇಕು. ಇವುಗಳನ್ನು ಪ್ರತಿಯೊಂದು ಊರೂ ಬೇರೆ ಬೇರೆಯಾಗಿ ಕಟ್ಟಹೊರಟರೆ ಯಾವುದೂ ನಿಲ್ಲಲಾರದು. ಹಂಚಿಕೊಂಡರೆ ಬೀರೂರಿನಿಂದ ಎಲ್ಲ ದಿಕ್ಕಿಗೂ ಸಾಗಿಸಬಹುದು.

ದೊಡ್ಡ ಕಾರ್ಖಾನೆಯೊಂದು ಬಂದರೆ ಸಾಲದೇ ಎಂದು ಕೇಳುವವರುಂಟು. ಭದ್ರಾವತಿ ನಮಗೇನೂ ದೂರವಲ್ಲ. 1936ರಲ್ಲಿ ಸ್ಥಾಪನೆಗೊಂಡ ಅಲ್ಲಿನ ಮೈಸೂರು ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಅದನ್ನೇ ನಂಬಿದ್ದ ಬೀದಿಗಳನ್ನು ಹೋಗಿ ನೋಡಿಬನ್ನಿ.

ಕೂಡಿ ಯೋಜಿಸಲು ಹೊಸ ಕಾನೂನೇನೂ ಬೇಕಿಲ್ಲ. 1992ರ ಸಂವಿಧಾನದ 74ನೆಯ ತಿದ್ದುಪಡಿಯು ಜಿಲ್ಲಾ ಯೋಜನಾ ಸಮಿತಿಯನ್ನು ವಿಧಿಸಿದೆ. ಪಂಚಾಯಿತಿ, ಪುರಸಭೆಗಳ ಯೋಜನೆಗಳನ್ನು ಒಂದುಗೂಡಿಸುವುದು, ನೀರು ಮುಂತಾದವುಗಳ ಹಂಚಿಕೆಯನ್ನು ಗಮನಿಸುವುದು ಅದರ ಕರ್ತವ್ಯ. ಸಮಿತಿಯ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಸದಸ್ಯರನ್ನು ಈ ಸಂಸ್ಥೆಗಳ ಚುನಾಯಿತರೇ ತಮ್ಮೊಳಗಿನಿಂದ ಆರಿಸಬೇಕು. ಎಂದರೆ, ಮತ ಕೇಳಲು ನಮ್ಮ ಬಾಗಿಲಿಗೆ ಬರುವವರೇ!

ನೀರಿನ ಮಾತಂತೂ ಕಾಯುವಂಥದ್ದಲ್ಲ. ತುಂಗೆಯಿಂದ 17.4 ಟಿ.ಎಂ.ಸಿ. ನೀರನ್ನು ಭದ್ರೆಗೆ ತಂದು, ಭದ್ರೆಯಿಂದ 29.9 ಟಿ.ಎಂ.ಸಿ.ಯನ್ನು ಅಜ್ಜಂಪುರದ ಸುರಂಗದ ಮೂಲಕ ಬಯಲುಸೀಮೆಗೆ ಹರಿಸುವುದು ಭದ್ರಾ ಮೇಲ್ದಂಡೆ ಯೋಜನೆಯ ಉದ್ದೇಶ. ನಮ್ಮ ಕೆರೆಗಳಿಗೆ ಅದರಲ್ಲಿ ದೊರೆಯಬೇಕಾದ ಪಾಲನ್ನು ಊರೂರಿಗೆ ಬೇರೆ ಅರ್ಜಿ ಬರೆದು ಕೇಳುವುದೋ, ನಾಲ್ಕೂರಿನವರು ಒಂದೇ ಅರ್ಜಿಗೆ ಸಹಿ ಹಾಕುವುದೋ? ನಿಮ್ಮ ವಾರ್ಡಿನ ಸದಸ್ಯರು ಎದುರಾದಾಗ, ಕಡೂರಿನವರೊಡನೆ ಈ ಬಗ್ಗೆ ಕುಳಿತು ಮಾತನಾಡಿದ್ದೀರಾ ಎಂದು ದಯವಿಟ್ಟು ವಿಚಾರಿಸಿರಿ.