ಗಾಲಿ ಬದಲಾದರೆ ಬಾಡಿಗೆ ಬದಲಾಗುತ್ತದೆ

(ಟ್ಯಾಕ್ಸಿ ಮತ್ತು ರಿಕ್ಷಾ ಚಾಲಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತಾಡಬೇಕೆಂದಿರುವುದು ಟಯರಿನ ಅಳತೆಯ ವಿಷಯ. ಸಂಘದ ಸಭೆಯಲ್ಲಿ ಪಗಾರ, ರಜೆ, ಬೋನಸ್ಸುಗಳ ಮಾತು ಬಿಟ್ಟು ಟಯರಿನ ಪುರಾಣವೇಕೆ ಎಂದು ಹಿಂದೆ ಕುಳಿತವರು ಆಗಲೇ ಪಿಸುಗುಟ್ಟುತ್ತಿದ್ದಾರೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಇದೂ ಪಗಾರದ ಮಾತೇ.

ಹೊಟೇಲಿನಲ್ಲಿ ದುಡಿದವರಿಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತುಂಟು. ಧನಿಗಳು ಒಂದು ದಿನ ಹಳೆಯ ಚಹಾ ಗ್ಲಾಸುಗಳನ್ನು ತೆಗೆದು ತಳ ದಪ್ಪವಾದ ಹೊಸ ಗ್ಲಾಸುಗಳನ್ನು ತರಿಸುತ್ತಾರೆ. ಹೊರಗಿನಿಂದ ನೋಡಿದರೆ ಅದೇ ಎತ್ತರ, ಒಳಗೆ ಎರಡು ಗುಟುಕು ಕಡಿಮೆ. ದರದ ಹಲಗೆ ಬದಲಾಗಿಲ್ಲ. ಗಿರಾಕಿಗೆ ಸಂಶಯ ಬಂದಾಗ ಅವನು ಗಲ್ಲೆಯ ಹತ್ತಿರ ಹೋಗಿ ಕೇಳುವುದಿಲ್ಲ. ಗ್ಲಾಸು ತಂದಿಟ್ಟ ಮಾಣಿಯನ್ನೇ ಬೈಯುತ್ತಾನೆ. ಲಾಭ ಒಬ್ಬರಿಗೆ, ಬೈಗುಳ ಇನ್ನೊಬ್ಬರಿಗೆ.

ಟ್ಯಾಕ್ಸಿಯ ಗಾಲಿಯೂ ಅಂತಹ ಒಂದು ಗ್ಲಾಸು. ಮೀಟರಿಗೆ ಕಣ್ಣಿಲ್ಲ. ಸಾಯನದಿಂದ ದಾದರಿಗೆ ಬಂದೆವೋ, ಅಂಧೇರಿಯಿಂದ ಬಾಂದ್ರಾಕ್ಕೆ ಹೋದೆವೋ ಅದಕ್ಕೆ ಕಾಣುವುದಿಲ್ಲ. ಗಾಲಿ ಎಷ್ಟು ಸುತ್ತು ಸುತ್ತಿತು ಎಂಬುದನ್ನು ಎಣಿಸುವುದು ಮಾತ್ರ ಅದಕ್ಕೆ ಗೊತ್ತು. ಇಷ್ಟು ಸುತ್ತಿಗೆ ಒಂದು ಕಿಲೋಮೀಟರು ಎಂದು ಮೊದಲೇ ಲೆಕ್ಕ ಕಟ್ಟಿ, ಪರೀಕ್ಷೆ ಮಾಡಿ, ಸರಕಾರದ ಮುದ್ರೆ ಹಾಕಿರುತ್ತಾರೆ. ಮುದ್ರೆ ಬಿದ್ದ ಮೇಲೆ ಮೀಟರನ್ನು ಯಾರೂ ಮುಟ್ಟುವಂತಿಲ್ಲ. ಆದರೆ ಗಾಲಿಗೆ ಯಾರೂ ಮುದ್ರೆ ಹಾಕುವುದಿಲ್ಲ. ತೊಡಕು ಇರುವುದು ಅಲ್ಲಿಯೇ.

ನಮ್ಮಲ್ಲಿ ಹಿರಿಯರಾದವರು ಪದ್ಮಿನಿ ಗಾಡಿಯನ್ನು ಓಡಿಸಿದವರು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾದ ಆ ಗಾಡಿಗೆ 5.20-14 ಎಂಬ ಒಂದೇ ಅಳತೆಯ ಟಯರು. ಮೀಟರು ಹೊರಗಡೆ, ಬಾನೆಟ್ಟಿನ ಎಡಬದಿಗೆ ಕುಳಿತಿರುತ್ತಿತ್ತು; ಒಳಗಿಂದ ಒಂದು ಕೇಬಲು ತಿರುಗುತ್ತ ಹೋಗಿ ಅದರ ಹಲ್ಲುಗಾಲಿಗಳನ್ನು ತಿರುಗಿಸುತ್ತಿತ್ತು. ಬಾಡಿಗೆ ಏರಿದಾಗ ಮೀಟರಿನ ಅಂಕಿಗೆ ದರಪಟ್ಟಿಯ ಕಾರ್ಡು ಹಿಡಿದು ಹಣ ಹೇಳಬೇಕಾಗಿತ್ತು. ಮುಂದೆ ವಿದ್ಯುನ್ಮಾನ ಮೀಟರುಗಳು ಬಂದವು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರಿನಲ್ಲಿ ನೋಂದಣಿಯಾದದ್ದು. ಇಪ್ಪತ್ತು ವರ್ಷದ ಆಯುಸ್ಸು ತೀರಿ 2023ರ ಅಕ್ಟೋಬರು ತಿಂಗಳ ಕೊನೆಗೆ ಆ ಗಾಡಿ ಬೀದಿಯಿಂದ ಮರೆಯಾಯಿತು. ಅದರೊಂದಿಗೆ ಒಂದೇ ಅಳತೆಯ ಕಾಲವೂ ಹೋಯಿತು. ಈಗ ಒಂದೇ ಸ್ಟ್ಯಾಂಡಿನಲ್ಲಿ ಹತ್ತು ಗಾಡಿ ನಿಂತರೆ ನಾಲ್ಕಾರು ಬಗೆಯ ಗಾಲಿ. ಅಂಗಡಿಯವನು ‘ಇದೂ ಕೂತುಕೊಳ್ಳುತ್ತದೆ’ ಎನ್ನುತ್ತಾನೆ. ಕೂತುಕೊಳ್ಳುತ್ತದೆ, ನಿಜ. ಕೂತ ಮೇಲೆ ಏನಾಗುತ್ತದೆ ಎಂಬುದೇ ಪ್ರಶ್ನೆ.

ಟಯರಿನ ಬದಿಯಲ್ಲಿ ಅಳತೆ ಬರೆದಿರುತ್ತದೆ. ಅದನ್ನು ಓದಲು ಕಾಲೇಜು ಬೇಡ, ಏಳನೆಯ ಇಯತ್ತೆಯ ಲೆಕ್ಕ ಸಾಕು. ಡಿಜೈರ್ ಟೂರ್ ಗಾಡಿ ಕಂಪನಿಯಿಂದ ಬರುವಾಗ 165/80 ಆರ್14 ಎಂದಿರುತ್ತದೆ. 165 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಟಯರಿನ ಗೋಡೆಯ ಎತ್ತರ ಆ ಅಗಲದ ನೂರಕ್ಕೆ ಎಂಬತ್ತು ಪಾಲು. ಅಂದರೆ 132 ಮಿಲಿಮೀಟರು. ಆರ್ ಎಂದರೆ ರೇಡಿಯಲ್. 14 ಎಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಮಿಲಿಮೀಟರಿಗೆ ತಂದರೆ 355.6. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ನಡುವೆ ರಿಮ್ಮು. ಕೂಡಿಸಿದರೆ 619.6 ಮಿಲಿಮೀಟರು. ಇದು ಇಡೀ ಗಾಲಿಯ ಎತ್ತರ. ಒಂದು ಸುತ್ತಿಗೆ ಗಾಡಿ ಸುಮಾರು 1 ಮೀಟರು 95 ಸೆಂಟಿಮೀಟರು ಮುಂದೆ ಹೋಗುತ್ತದೆ. ಒಂದು ಕಿಲೋಮೀಟರಿಗೆ ಸುಮಾರು 514 ಸುತ್ತು.

ಈಗ ಶೇಠರು ಎಲ್ಲಿಂದಲೋ ಒಂದು ಜೊತೆ 185/65 ಆರ್14 ಟಯರು ಅಗ್ಗಕ್ಕೆ ತಂದರೆನ್ನಿ. ರಿಮ್ಮು ಅದೇ 14. ಟಯರು ಅಗಲವಾಗಿದೆ, ನೋಡಲು ಗಟ್ಟಿಮುಟ್ಟಾಗಿದೆ. ಚಾಲಕನಿಗೂ ಸಂತೋಷ. ಆದರೆ ಲೆಕ್ಕ ಹಾಕಿ ನೋಡಿ. 185ರ ನೂರಕ್ಕೆ 65 ಪಾಲು ಎಂದರೆ ಗೋಡೆ 120 ಮಿಲಿಮೀಟರು ಮಾತ್ರ. ಇಡೀ ಗಾಲಿ 596 ಮಿಲಿಮೀಟರು. ಅಗಲವಾದ ಟಯರು ಎತ್ತರದಲ್ಲಿ ಗಿಡ್ಡವಾಯಿತು! ಒಂದು ಕಿಲೋಮೀಟರಿಗೆ ಈಗ 534 ಸುತ್ತು ಬೇಕು. ಮೀಟರು ಮಾತ್ರ ಹಳೆಯ 514ಕ್ಕೇ ಒಂದು ಕಿಲೋಮೀಟರು ಎಂದು ಎಣಿಸುತ್ತ ಹೋಗುತ್ತದೆ. ಹತ್ತು ಕಿಲೋಮೀಟರಿನ ದಾರಿಯನ್ನು ಅದು ಹತ್ತಿರ ಹತ್ತಿರ 10.4 ಎಂದು ತೋರಿಸುತ್ತದೆ. 2025ರ ಫೆಬ್ರವರಿ 1ರಿಂದ ಜಾರಿಗೆ ಬಂದ ದರ ಕಿಲೋಮೀಟರಿಗೆ 20 ರೂಪಾಯಿ 66 ಪೈಸೆ. ಆ ದರ ಹಿಡಿದರೆ ಪ್ರಯಾಣಿಕನ ಕಿಸೆಯಿಂದ ಎಂಟು ರೂಪಾಯಿ ಹೆಚ್ಚಿಗೆ ಹೋಯಿತು.

ದಿನವೂ ಅದೇ ದಾರಿಯಲ್ಲಿ ಆಫೀಸಿಗೆ ಹೋಗುವ ಮನುಷ್ಯನಿಗೆ ಈ ಎಂಟು ರೂಪಾಯಿ ಕಣ್ಣಿಗೆ ಬೀಳದೆ ಇರುವುದಿಲ್ಲ. ‘ಮೀಟರ್ ಫಾಸ್ಟ್ ಹೈ’ ಎನ್ನುತ್ತಾನೆ. ಚಾಲಕ ಮುದ್ರೆ ತೋರಿಸುತ್ತಾನೆ, ದೇವರ ಮೇಲೆ ಆಣೆ ಹಾಕುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಮೀಟರನ್ನು ಅವನು ಮುಟ್ಟಿಲ್ಲ. ಆದರೂ ಪ್ರಯಾಣಿಕ ಹೇಳುವುದೂ ನಿಜ. ಜಗಳ ಬೀದಿಗೆ ಬರುತ್ತದೆ, ದೂರು ಸಾರಿಗೆ ಕಚೇರಿಗೆ ಹೋಗುತ್ತದೆ, ಬಿಲ್ಲೆ ಮತ್ತು ಪರವಾನಗಿಯ ಮಾತು ಬರುತ್ತದೆ. ಟಯರು ಕೊಂಡ ಶೇಠರು ಆ ಹೊತ್ತಿಗೆ ಮನೆಯಲ್ಲಿ ಊಟ ಮಾಡುತ್ತಿರುತ್ತಾರೆ. ಗ್ಲಾಸಿನ ಕತೆ ನೆನಪಾಯಿತೇ?

ಇನ್ನು ಬೇಕೆಂದೇ ಗಿಡ್ಡ ಗಾಲಿ ಹಾಕಿಸುವವರೂ ಇಲ್ಲದಿಲ್ಲ. ಅವರ ಪರವಾಗಿ ಸಂಘ ನಿಲ್ಲುವುದಿಲ್ಲ. ಇದನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ತಕ್ಕಡಿಗೆ ಮಯಣ ಅಂಟಿಸುವ ಕಿರಾಣಿಯವನಿಗೂ ಅವರಿಗೂ ಭೇದವಿಲ್ಲ. ಟ್ಯಾಕ್ಸಿ ಹತ್ತುವವನೂ ನಮ್ಮ ಹಾಗೆ ಪಗಾರದವನೇ. ಅವನು ಒಮ್ಮೆ ಬೇಸತ್ತು ಫೋನಿನಲ್ಲಿ ಕರೆಯುವ ಕಂಪನಿ ಗಾಡಿಗೆ ಹೋದರೆ ಮರಳಿ ಬರುವುದಿಲ್ಲ. ಆ ಗಾಡಿಗಳ ದೂರದ ಲೆಕ್ಕ ಫೋನಿನ ನಕಾಶೆಯಿಂದ ಬರುತ್ತದೆ. ಗಾಲಿ ಗಿಡ್ಡವಾದರೂ ಉದ್ದವಾದರೂ ಅಲ್ಲಿ ಬಾಡಿಗೆ ಬದಲಾಗುವುದಿಲ್ಲ.

ಈಗ ಇದರ ವಿರುದ್ಧ ಪಕ್ಷ. ಹೊಸದಾಗಿ ಗಾಡಿ ಕೈಗೆ ಬಂದ ತರುಣರಿಗೆ ದೊಡ್ಡ ಗಾಲಿಯ ಮೋಹ. 15 ಇಂಚಿನ ಹೊಳೆಯುವ ಅಲಾಯ್ ರಿಮ್ಮು, ಅದಕ್ಕೆ 195/65 ಟಯರು. ಗಾಲಿಯ ಎತ್ತರ 634 ಮಿಲಿಮೀಟರಿಗೆ ಏರಿತು. ಅದು ನಿಧಾನ ಸುತ್ತುತ್ತದೆ. ಪ್ರಯಾಣಿಕರನ್ನು ಕೂರಿಸಿ ನೂರು ಕಿಲೋಮೀಟರು ಓಡಿಸಿದರೆ ಮೀಟರು 97.6 ಎಂದಷ್ಟೇ ಎಣಿಸುತ್ತದೆ. ದಿನಕ್ಕೆ ಸುಮಾರು 48 ರೂಪಾಯಿ ಕೈಬಿಟ್ಟಿತು. ತಿಂಗಳಿಗೆ 25 ಪಾಳಿ ಎಂದರೆ ಸಾವಿರದ ಇನ್ನೂರು. ರಿಮ್ಮಿಗೆ ಸಾಲ ಬೇರೆ. ವೇಗದ ಮುಳ್ಳು 80 ತೋರಿಸುವಾಗ ಗಾಡಿ ಅದಕ್ಕಿಂತ ಸುಮಾರು ಎರಡು ಕಿಲೋಮೀಟರು ಹೆಚ್ಚಿಗೆ ಹೋಗುತ್ತಿರುತ್ತದೆ ಎಂಬುದನ್ನೂ ನೆನಪಿಡಬೇಕು.

ಬಾಡಿಗೆಯ ಲೆಕ್ಕ ಅಷ್ಟಾಯಿತು. ಗಾಡಿಯ ಮೈಗೂ ಇದರ ಪೆಟ್ಟು ಉಂಟು. ಗಾಲಿ ಎತ್ತರವಾದರೆ ಗೇರು ಉದ್ದವಾದ ಹಾಗೆ. ನಿಂತಲ್ಲಿಂದ ಏಳಲು ಇಂಜಿನು ಹೆಣಗುತ್ತದೆ. ನಮ್ಮ ಗಾಡಿಗಳು ಸಿ.ಎನ್.ಜಿ.ಯಲ್ಲಿ ಓಡುವಂಥವು, ಶಕ್ತಿ ಮೊದಲೇ ಸ್ವಲ್ಪ ಕಡಿಮೆ, ಹಿಂದೆ ಸಿಲಿಂಡರಿನ ಭಾರ. ಎರಡು ಹೆಜ್ಜೆಗೊಮ್ಮೆ ನಿಂತು ಹೊರಡುವ ಕುರ್ಲಾದ ದಾರಿಯಲ್ಲಿ ಇದರಿಂದ ಗ್ಯಾಸೂ ಹೆಚ್ಚು, ಕ್ಲಚ್ಚೂ ಬೇಗ ಸವೆಯುತ್ತದೆ. ಬ್ರೇಕು ಹಿಡಿಯುವಾಗ ಎತ್ತರದ, ಭಾರದ ಗಾಲಿಯನ್ನು ನಿಲ್ಲಿಸಲು ಹೆಚ್ಚು ಬಲ ಬೇಕು. ಗಿಡ್ಡ ಗಾಲಿಯಾದರೆ ಗಾಡಿ ಚುರುಕಾಗಿ ಏಳುತ್ತದೆ, ಆದರೆ ಹೆದ್ದಾರಿಯಲ್ಲಿ ಇಂಜಿನು ಹೆಚ್ಚು ಸುತ್ತಬೇಕಾಗುತ್ತದೆ, ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರವಾಗುತ್ತದೆ.

ಅಗಲದ ಮಾತು ಬೇರೆ. ಅಗಲ ಟಯರಿನಿಂದ ಒಣ ರಸ್ತೆಯಲ್ಲಿ ಹಿಡಿತ ಹೆಚ್ಚುತ್ತದೆ, ಸುಳ್ಳಲ್ಲ. ಆದರೆ ಸ್ಟಿಯರಿಂಗು ಭಾರವಾಗುತ್ತದೆ. ಹನ್ನೆರಡು ತಾಸಿನ ಪಾಳಿ ಮುಗಿಸಿದ ತೋಳನ್ನು ಕೇಳಿದರೆ ಅದು ಹೇಳುತ್ತದೆ. ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಜುಲೈ ತಿಂಗಳ ಮಳೆಯಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಮೇಲೆ ನೀರು ಹಾಳೆಯ ಹಾಗೆ ನಿಂತಿರುವಾಗ ವೇಗವಾಗಿ ಹೋದರೆ, ಅಗಲ ಟಯರು ನೀರನ್ನು ಸೀಳದೆ ಅದರ ಮೇಲೆ ತೇಲುವ ಭಯ ಹೆಚ್ಚು. ಇನ್ನು ಗೋಡೆ ತೆಳ್ಳಗಾದಷ್ಟೂ ಗುಂಡಿಯ ಪೆಟ್ಟು ನೇರ ರಿಮ್ಮಿಗೆ, ರಿಮ್ಮಿನಿಂದ ಬೇರಿಂಗಿಗೆ, ಅಲ್ಲಿಂದ ನಮ್ಮ ಸೊಂಟಕ್ಕೆ. ಮುಂಬಯಿಯಲ್ಲಿ ಗುಂಡಿಗಳಿಗೆ ಬರಗಾಲವಿಲ್ಲವಷ್ಟೆ.

ಅಳತೆಯ ಪಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಅದು ಭಾರದ ಅಂಕಿ. 85 ಎಂದಿದ್ದರೆ ಆ ಒಂದು ಟಯರು 515 ಕಿಲೋ ಹೊರಬಲ್ಲದು. 75 ಎಂದಿದ್ದರೆ 387 ಕಿಲೋ ಮಾತ್ರ. ನಾಲ್ಕು ಜನ, ಸಿಲಿಂಡರು, ಮೇಲೆ ಕ್ಯಾರಿಯರಿನಲ್ಲಿ ಪೆಟ್ಟಿಗೆಗಳು. ಮೇ ತಿಂಗಳಲ್ಲಿ ಸಂಸಾರ ಸಮೇತ ಊರಿಗೆ ಹೊರಟವರು ಮಹಾಡ ದಾಟಿ ಕಶೇಡಿ ಘಾಟಿ ಹತ್ತುವಾಗ ಚಿಕ್ಕ ಅಂಕಿಯ ಟಯರು ಬಿಸಿಯೇರಿ ಒಡೆದರೆ ಉಡುಪಿ ಕಾಣುವುದು ಯಾವಾಗ? ಒಂದೇ ಅಚ್ಚಿಗೆ ಎರಡು ಅಳತೆಯ ಟಯರು ಹಾಕುವ ಜಿಪುಣತನವನ್ನಂತೂ ಯಾರೂ ಒಪ್ಪಕೂಡದು. ಗಾಡಿ ಒಂದು ಕಡೆಗೆ ಎಳೆಯುತ್ತದೆ, ಅಚ್ಚಿನ ನಡುವಿನ ಹಲ್ಲುಗಳಿಗೆ ನೇರ ದಾರಿಯಲ್ಲಿಯೂ ವಿಶ್ರಾಂತಿ ಇರುವುದಿಲ್ಲ.

ಹಾಗಾದರೆ ಅಳತೆ ಬದಲಾಯಿಸಲೇ ಬಾರದೇ? ಬದಲಾಯಿಸಬಹುದು, ಇಡೀ ಗಾಲಿಯ ಎತ್ತರ ಕಾಪಾಡಿಕೊಂಡು. ರಿಮ್ಮು ದೊಡ್ಡದಾದರೆ ಗೋಡೆ ಅಷ್ಟೇ ಕಡಿಮೆಯಾಗಬೇಕು. 165/80 ಆರ್14 ಬದಲಿಗೆ 185/65 ಆರ್15 ಹಾಕಿದರೆ ಎತ್ತರ 621.5, ಎರಡು ಮಿಲಿಮೀಟರಿನ ವ್ಯತ್ಯಾಸ, ಮೀಟರಿಗೆ ತಿಳಿಯುವುದೇ ಇಲ್ಲ. ಕಂಪನಿಯವರು ಒಂದೇ ಗಾಡಿಯ ಅಗ್ಗದ ಮಾದರಿಗೆ ಒಂದು, ದುಬಾರಿ ಮಾದರಿಗೆ ಇನ್ನೊಂದು ಅಳತೆ ಕೊಡುವುದು ಈ ಲೆಕ್ಕದ ಮೇಲೆಯೇ. ಆದರೂ ನಟ್ಟಿನ ತೂತುಗಳು ಹೊಂದಬೇಕು, ರಿಮ್ಮು ಹೊರಗೆ ಚಾಚಬಾರದು, ಭಾರದ ಅಂಕಿ ಕಡಿಮೆಯಾಗಬಾರದು. ಕಂಪನಿ ಆ ಗಾಡಿಗೆ ಹೇಳಿರುವ ಅಳತೆಗಳ ಪಟ್ಟಿಯಿಂದ ಹೊರಗೆ ಹೋಗದಿರುವುದೇ ಲೇಸು. ಕಾಯದೆಯೂ ಅದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರ ಕಂಪನಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಇದನ್ನು ಎತ್ತಿಹಿಡಿಯಿತು. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದು ಇಂತಹ ನೆಪವನ್ನೇ.

ಅಳತೆ ಸರಿಯಿದ್ದರೂ ಸವೆತದ ಮಾತು ಉಳಿಯುತ್ತದೆ. ಹೊಸ ಟಯರಿನ ಗೀರು ಸುಮಾರು 8 ಮಿಲಿಮೀಟರು ಆಳ; ಕಾರಿಗೆ ಕಾಯದೆಯ ಮಿತಿ 1.6. ಅಲ್ಲಿಯ ತನಕ ಸವೆಯುವಾಗ ಗಾಲಿಯ ಎತ್ತರ ಹದಿಮೂರು ಮಿಲಿಮೀಟರು ಇಳಿಯುತ್ತದೆ, ಅಂದರೆ ನೂರಕ್ಕೆ ಎರಡು ಪಾಲು. ಬೋಳು ಟಯರಿನ ಗಾಡಿಯ ಮೀಟರು ತಾನಾಗಿಯೇ ಫಾಸ್ಟ್ ಆಗುತ್ತದೆ. ಗಾಳಿ ಕಡಿಮೆಯಾದರೂ ಅಷ್ಟಿಷ್ಟು ಹೀಗೆಯೇ. ಉಪನಗರದ ರಿಕ್ಷಾ ಬಂಧುಗಳು ಇದನ್ನು ಇನ್ನೂ ಗಮನಿಸಬೇಕು. ನಿಮ್ಮ 4.00-8 ಟಯರು ಮೊದಲೇ ಸಣ್ಣದು. ಸಣ್ಣ ಗಾಲಿಯಲ್ಲಿ ಅಷ್ಟೇ ಸವೆತ ಹೆಚ್ಚಿನ ಪಾಲು ತಿನ್ನುತ್ತದೆ.

ಆದುದರಿಂದ ಶೇಠರ ಗಾಡಿ ಹಿಡಿಯುವವರು ಮೂರು ಮಾತು ಕೇಳಿ ಪಡೆಯಬೇಕು. ಟಯರು ಬದಲಾದಾಗ ಅಳತೆ ಮತ್ತು ತಾರೀಕು ಬರೆದ ರಸೀದಿಯ ಪ್ರತಿ ಗಾಡಿಯಲ್ಲಿರಬೇಕು. ಅಳತೆ ಬೇರೆಯಾದರೆ ಮೀಟರಿನ ಮರುಪರೀಕ್ಷೆ ಶೇಠರ ಖರ್ಚಿನಲ್ಲಿ ಆಗಬೇಕು. ಅಲ್ಲಿಯ ತನಕ ಮೀಟರಿನ ದೂರಿಗೆ ಚಾಲಕ ಹೊಣೆಯಲ್ಲವೆಂದು ಬರೆದು ಕೊಡಬೇಕು. ಒಬ್ಬನೇ ಹೋಗಿ ಕೇಳಿದರೆ ‘ನಾಳೆಯಿಂದ ಬರಬೇಡ’ ಎಂಬ ಉತ್ತರ ಬಂದೀತು. ಒಂದು ಸ್ಟ್ಯಾಂಡಿನ ಇಪ್ಪತ್ತು ಮಂದಿ ಕೂಡಿ ಕೇಳಿದರೆ ಆ ಉತ್ತರ ಬರುವುದು ಕಷ್ಟ. ಅರ್ಜಿಯನ್ನು ಸಂಘದ ಕಚೇರಿಯಲ್ಲಿ ಬರೆದು ಕೊಡುತ್ತೇವೆ.

ಕೊನೆಯದಾಗಿ ಪರೀಕ್ಷೆಯ ಕ್ರಮ. ಗಾಳಿ ಸರಿಯಾಗಿ ತುಂಬಿಸಿ, ಸಮ ನೆಲದಲ್ಲಿ ಗಾಡಿ ನಿಲ್ಲಿಸಿ. ಗೇರ್‌ಬಾಕ್ಸಿನಿಂದ ಮೀಟರಿಗೆ ಲೆಕ್ಕ ಹೋಗುವ ಗಾಡಿಗಳಲ್ಲಿ ಇಂಜಿನು ಎಳೆಯುವ ಗಾಲಿಯೇ ಮುಖ್ಯ. ಈಗಿನ ಸಣ್ಣ ಗಾಡಿಗಳಲ್ಲಿ ಹೆಚ್ಚಾಗಿ ಅದು ಮುಂದಿನದು. ಆ ಟಯರಿನ ಮೇಲೆ, ನೆಲಕ್ಕೆ ತಾಗಿದ ಜಾಗದಲ್ಲಿ, ಸೀಮೆಸುಣ್ಣದಿಂದ ಒಂದು ಗೆರೆ. ನೆಲದ ಮೇಲೂ ಒಂದು. ಇಬ್ಬರು ಮೆಲ್ಲಗೆ ನೂಕಿ ಹತ್ತು ಸುತ್ತು ಎಣಿಸಿ, ಮತ್ತೊಂದು ಗೆರೆ ಎಳೆದು ಟೇಪು ಹಿಡಿಯಿರಿ. ಮೀಟರಿಗೆ ಮುದ್ರೆ ಹಾಕಿಸಿದ ದಿನವೇ ಹೀಗೆ ಅಳೆದು ನೋಟುಬುಕ್ಕಿನಲ್ಲಿ ಬರೆದಿಟ್ಟರೆ, ಟಯರು ಬದಲಾದ ದಿನ ಮತ್ತೆ ಅಳೆದು ತಾಳೆ ನೋಡಬಹುದು. ನೂರಕ್ಕೆ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಕಂಡವರು ನೋಟುಬುಕ್ಕು ಹಿಡಿದುಕೊಂಡು ಕಚೇರಿಗೆ ಬನ್ನಿ. ಟೇಪು ಇಲ್ಲದವರಿಗೆ ಕಚೇರಿಯಲ್ಲಿ ಮೂವತ್ತು ಮೀಟರಿನದು ಒಂದಿದೆ. ಒಯ್ದವರು ಅದೇ ಸಂಜೆ ತಂದಿಡಬೇಕು.