ಪುಟ್ಟ ಫ್ಯೂಸಿನ ಮೇಲಿನ ಬರಹ



ಟಿವಿ ರಿಪೇರಿ ಕಲಿಯ ಹೊರಟವರು ಮೊದಲು ನೋಡುವ ಬಿಡಿಭಾಗ ಫ್ಯೂಸ್. 20 ಮಿಲಿಮೀಟರ್ ಉದ್ದ, 5 ಮಿಲಿಮೀಟರ್ ದಪ್ಪದ ಗಾಜಿನ ಕೊಳವೆ, ಎರಡು ತುದಿಗೆ ಲೋಹದ ಟೋಪಿ, ನಡುವೆ ಎಳೆಯಂಥ ತಂತಿ. ಅಷ್ಟೇ.

ಕಾಲೇಜಿನ ದಿನಗಳಲ್ಲಿ ನೆರೆಮನೆಯ ಟಿವಿಯ ಫ್ಯೂಸ್ ಸುಟ್ಟಾಗ, ಅಂಗಡಿಗೆ ಹೋಗಲು ಬೇಸರಪಟ್ಟು, ನಾನು ಸಿಗರೇಟ್ ಪೊಟ್ಟಣದ ಬೆಳ್ಳಿ ಕಾಗದ ಸುತ್ತಿ ಕೂರಿಸಿದೆ. ಚಿತ್ರ ಬಂತು, ನನಗೆ ಕಾಫಿಯೂ ಬಂತು. ನಾಲ್ಕನೆಯ ದಿನ ಟಿವಿಯ ಹಿಂದಿನಿಂದ ಹೊಗೆ ಬಂತು. ಮನೆಯವರು ಎಚ್ಚರವಾಗಿದ್ದುದರಿಂದ ಪರದೆಗೆ ಬೆಂಕಿ ತಗುಲಲಿಲ್ಲ. ಆ ಕಾಫಿಯ ಋಣ ಇಂದಿಗೂ ನನ್ನ ಮೇಲಿದೆ. ಅದಕ್ಕೇ ಈ ಮಾತು.

ಟಿವಿಯ ಹಿಂಬದಿಯಲ್ಲಿ 69 ವಾಟ್ ಎಂದು ಬರೆದಿದೆ ಎನ್ನಿ. 230 ವೋಲ್ಟಿನಿಂದ ಭಾಗಿಸಿದರೆ 0.3 ಆಂಪಿಯರ್. ಹಾಗಾದರೆ ಅರ್ಧ ಆಂಪಿಯರ್ ಫ್ಯೂಸ್ ಸಾಕಲ್ಲವೇ? ಸಾಲದು. ಸ್ವಿಚ್ ಹಾಕಿದ ಕ್ಷಣ ಒಳಗಿನ ದೊಡ್ಡ ಕೆಪಾಸಿಟರ್ ಖಾಲಿ ಹಂಡೆಯಂತೆ ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಹಳೆಯ ಬಣ್ಣದ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಡಿಗಾಸಿಂಗ್ ಸುರುಳಿಯೂ ಆಗಲೇ ಹೆಚ್ಚು ಪ್ರವಾಹ ಬೇಡುತ್ತದೆ. ಈ ಮೊದಲ ನೂಕನ್ನು ಫ್ಯೂಸ್ ತಾಳಿಕೊಳ್ಳಬೇಕು. ಆದ್ದರಿಂದ ಲೆಕ್ಕ ಹಾಕಿ ಊಹಿಸಬೇಡಿ. ಟೋಪಿಯ ಮೇಲಿನ ಬರಹವನ್ನು ಭೂತಗನ್ನಡಿ ಹಿಡಿದು ಓದಿ.

‘ಟಿ 3.15 ಎ ಎಲ್ 250 ವಿ’ ಎಂದಿದ್ದರೆ ಅರ್ಥವೇನು? ‘ಟಿ’ ಎಂದರೆ ನಿಧಾನವಾಗಿ ಸುಡುವ ಬಗೆ. ‘ಎಫ್’ ಎಂದರೆ ಬೇಗ ಸುಡುವ ಬಗೆ. ಹತ್ತು ಪಟ್ಟು ಪ್ರವಾಹ ಹರಿದರೆ ‘ಎಫ್’ 0.02 ಸೆಕೆಂಡಿನೊಳಗೆ ಕಡಿಯಬೇಕು. ‘ಟಿ’ ಅದಕ್ಕಿಂತ ಹೆಚ್ಚು ಹೊತ್ತು ತಾಳುತ್ತದೆ. 3.15 ಆಂಪಿಯರ್ ಅದರ ಅಳತೆ. ಈ ವಿಚಿತ್ರ ಸಂಖ್ಯೆ ಬಂದದ್ದು 1, 1.25, 1.6, 2, 2.5, 3.15, 4 ಎಂದು ಪ್ರತಿ ಹೆಜ್ಜೆಗೂ ಸುಮಾರು ಕಾಲು ಭಾಗ ಏರುವ ಶ್ರೇಣಿಯಿಂದ. ‘ಎಲ್’ ಎಂದರೆ ಕಡಿಯುವ ಸಾಮರ್ಥ್ಯ ಕಡಿಮೆ: 35 ಆಂಪಿಯರ್ ಅಥವಾ ಅಳತೆಯ ಹತ್ತು ಪಟ್ಟು, ಯಾವುದು ಹೆಚ್ಚೋ ಅದು. ‘ಎಚ್’ ಎಂದಿದ್ದರೆ 1500 ಆಂಪಿಯರ್. ಇದು ಸಾಮಾನ್ಯವಾಗಿ ಮರಳು ತುಂಬಿದ ಪಿಂಗಾಣಿ ಕೊಳವೆ. ಪಿಂಗಾಣಿಯ ಜಾಗಕ್ಕೆ ಗಾಜಿನದನ್ನು ಹಾಕಿದರೆ ಶಾರ್ಟ್ ಆದಾಗ ಅದು ಸಿಡಿಯಬಹುದು. 250 ವೋಲ್ಟ್ ಎಂಬುದು ಗರಿಷ್ಠ ಮಿತಿ.

ಕೆಲವು ಪುಟ್ಟ ಫ್ಯೂಸುಗಳು ರೆಸಿಸ್ಟರಿನಂತೆ ಕಾಣುತ್ತವೆ. ಅವುಗಳ ಮೊದಲ ಮೂರು ಬಣ್ಣದ ಪಟ್ಟಿಗಳು ಮಿಲಿಆಂಪಿಯರ್ ಹೇಳುತ್ತವೆ. ಕಂದು, ಕಪ್ಪು, ಕೆಂಪು ಇದ್ದರೆ 10ನ್ನು 100ರಿಂದ ಗುಣಿಸಿ. 1000 ಮಿಲಿಆಂಪಿಯರ್, ಅಂದರೆ 1 ಆಂಪಿಯರ್. ಅಗಲವಾದ ನಾಲ್ಕನೆಯ ಪಟ್ಟಿ ಕೆಂಪಾದರೆ ಬೇಗ ಸುಡುವುದು, ನೀಲಿಯಾದರೆ ನಿಧಾನದ್ದು. ಇದನ್ನು ರೆಸಿಸ್ಟರ್ ಎಂದು ತಿಳಿದು 1000 ಓಮ್ ಹಾಕಿದವರೂ ಉಂಟು!

ಟೋಪಿಯ ಬರಹ ಅಳಿಸಿದ್ದರೆ? ಸರ್ಕಿಟ್ ಬೋರ್ಡಿನ ಮೇಲೆ, ಫ್ಯೂಸಿನ ಪಕ್ಕದಲ್ಲಿ, ಅಳತೆ ಅಚ್ಚಾಗಿರುತ್ತದೆ. ಅಲ್ಲಿಯೂ ಕಾಣದಿದ್ದರೆ ಆ ಮಾದರಿಯ ಸರ್ವೀಸ್ ಮ್ಯಾನುಯಲ್ ನೋಡಿ. ಹಿಂದೆ ಯಾರೋ ತಪ್ಪು ಫ್ಯೂಸ್ ಹಾಕಿರಬಹುದು. ಹಾಗಾಗಿ ಫ್ಯೂಸಿಗೂ ಬೋರ್ಡಿಗೂ ತಾಳೆಯಾಗದಿದ್ದರೆ ಬೋರ್ಡನ್ನೇ ನಂಬಿ.

ಸುಟ್ಟ ಫ್ಯೂಸನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿಯಿರಿ. ಗಾಜು ತಿಳಿಯಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಅತಿಭಾರ ಅಲ್ಪವಾಗಿತ್ತು, ಇಲ್ಲವೇ ತಂತಿ ಹಳತಾಗಿತ್ತು. ಗಾಜು ಕಪ್ಪಾಗಿದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ. ಡಯೋಡುಗಳನ್ನೂ ಸ್ವಿಚಿಂಗ್ ಟ್ರಾನ್ಸಿಸ್ಟರನ್ನೂ ಪರೀಕ್ಷಿಸದೆ ಹೊಸ ಫ್ಯೂಸ್ ಹಾಕಬೇಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಉಳಿದಿರಬಹುದು. ಅದು ಪ್ರಾಣ ತೆಗೆಯಬಲ್ಲದು. ಅನುಭವಿಗಳ ಪಕ್ಕದಲ್ಲಿ ನಿಂತು ಕಲಿಯಿರಿ. ಸರಿಯಾದ ಫ್ಯೂಸ್ ಸಿಗದ ದಿನ ಟಿವಿ ಸುಮ್ಮನಿರಲಿ. ಒಂದು ಸಂಜೆ ಕಾರ್ಯಕ್ರಮ ತಪ್ಪಿದರೆ ನಷ್ಟವೇನಿಲ್ಲ.