ಓರೆ ಕತ್ತರಿಯ ಮದ್ಲೆನ್ ವಿಯೊನೆ



ಪ್ಯಾರಿಸ್ಸಿನ ಫ್ಯಾಷನ್ ಎಂದರೆ ಶನೆಲ್, ದಿಯೊರ್ ಎಂಬ ಹೆಸರುಗಳು ತಾವಾಗಿ ಬಾಯಿಗೆ ಬರುತ್ತವೆ. ಅವನ್ನು ಊರೂರಿಗೆ ತಲುಪಿಸಿದ್ದರಲ್ಲಿ ಅತ್ತರಿನ ಸೀಸೆಗಳ ಪಾಲು ದೊಡ್ಡದು. ಮದ್ಲೆನ್ ವಿಯೊನೆ ಅಷ್ಟು ಪ್ರಸಿದ್ಧರಲ್ಲ. ಆದರೆ ಕತ್ತರಿ ಹಿಡಿದವರ ನಡುವೆ ಅವರ ಹೆಸರಿಗೆ ಇರುವ ಮರ್ಯಾದೆಯೇ ಬೇರೆ.

ಅವರು ಹುಟ್ಟಿದ್ದು 1876ರಲ್ಲಿ, ಫ್ರಾನ್ಸಿನ ಶಿಯೆರ್-ಒ-ಬ್ವಾ ಎಂಬ ಹಳ್ಳಿಯಲ್ಲಿ. ಬಡ ಮನೆ. ಹನ್ನೆರಡು ತುಂಬುವ ಹೊತ್ತಿಗೆ ಶಾಲೆ ಬಿಟ್ಟು ಹೊಲಿಗೆಯವರ ಕೈಕೆಳಗೆ ಸೇರಿದರು. ಎಳೆಯ ಪ್ರಾಯದಲ್ಲಿ ಮದುವೆಯಾಯಿತು, ಮಗು ತೀರಿಕೊಂಡಿತು, ದಾಂಪತ್ಯ ಮುರಿಯಿತು. ಲಂಡನ್ನಿಗೆ ಹೋಗಿ ದುಡಿದು ಮರಳಿ, ಪ್ಯಾರಿಸ್ಸಿನ ಕಾಲ್ಲೊ ಸೋದರಿಯರ ಅಂಗಡಿಯಲ್ಲಿ ಪಳಗಿದರು. ಆ ಸೋದರಿಯರಿಲ್ಲದಿದ್ದರೆ ತಾನು ಫೋರ್ಡ್ ಕಾರುಗಳನ್ನೇ ಮಾಡುತ್ತಿದ್ದೆ, ಅವರಿಂದಾಗಿ ರೋಲ್ಸ್ ರಾಯ್ಸ್ ಮಾಡಿದೆ ಎಂಬ ಅರ್ಥದ ಮಾತನ್ನು ಮುಂದೆ ಆಡಿದರಂತೆ. ಗುರುಋಣವನ್ನು ಇಷ್ಟು ಬಿಚ್ಚಿ ಹೇಳುವವರು ಆ ವ್ಯಾಪಾರದಲ್ಲಿ ಕಡಿಮೆ. 1912ರಲ್ಲಿ ಸ್ವಂತ ಅಂಗಡಿ ತೆರೆದರು. ಮೊದಲ ಮಹಾಯುದ್ಧ ಬಂದು ಮುಚ್ಚಬೇಕಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ತೆರೆದರು.

ಅವರು ಮಾಡಿದ್ದೇನು? ನೇಯ್ದ ಬಟ್ಟೆಯ ಚೌಕವೊಂದನ್ನು ಕೈಗೆತ್ತಿಕೊಳ್ಳಿ. ಹಾಸಿನ ಗುಂಟ ಎಳೆದರೆ ಜಗ್ಗದು, ಹೊಕ್ಕಿನ ಗುಂಟ ಎಳೆದರೂ ಅಷ್ಟಕ್ಕಷ್ಟೇ. ಮೂಲೆಯಿಂದ ಮೂಲೆಗೆ ಎಳೆಯಿರಿ, ಹಿಗ್ಗುತ್ತದೆ. ಆ ದಿಕ್ಕಿನಲ್ಲಿ ತಡೆಯುವ ನೂಲೇ ಇಲ್ಲ. ಎಳೆಗಳ ನಡುವಿನ ಪುಟ್ಟ ಚೌಕಗಳು ವಾಲಿ ವಜ್ರಾಕಾರಕ್ಕೆ ತಿರುಗುತ್ತವೆ. ಇದು ನಮ್ಮ ಊರಿನ ಟೈಲರುಗಳಿಗೂ ಗೊತ್ತು. ಕ್ರಾಸ್ ಕಟ್ ರವಿಕೆ ಮೈಗೆ ಕೂರುವುದು ಇದೇ ಕಾರಣಕ್ಕೆ. ಕಾಲರು, ಅಂಚುಪಟ್ಟಿಗಳಿಗೆ ಪ್ಯಾರಿಸ್ಸಿನವರೂ ಓರೆ ಬಟ್ಟೆ ಬಳಸುತ್ತಿದ್ದರು. ವಿಯೊನೆ ಇಡೀ ಉಡುಪನ್ನೇ ಓರೆಯಲ್ಲಿ ಕತ್ತರಿಸಿದರು.

ಹೇಳಿದಷ್ಟು ಸುಲಭವಲ್ಲ ಅದು. ಓರೆಗೆ ಅಗಲ ಬೇಕು. ಸಾಮಾನ್ಯ ಪನ್ನ ಸಾಲದು. ಅದಕ್ಕಾಗಿ ಬಿಯಾಂಕಿನಿ-ಫೆರಿಯೆ ಎಂಬ ರೇಷ್ಮೆ ಕಂಪನಿಯಿಂದ ಎರಡು ಮೀಟರಿನಷ್ಟು ಅಗಲದ ಕ್ರೇಪ್ ನೇಯಿಸಿಕೊಂಡರು. ಇನ್ನು ಓರೆ ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ನೇತುಹಾಕಿ, ಇಳಿಯುವಷ್ಟು ಇಳಿಯಲು ಬಿಟ್ಟು, ಆಮೇಲೆ ಅಂಚು ಮಡಿಸಬೇಕು. ಅವಸರ ಮಾಡಿದವರ ಉಡುಪು ಒಂದು ಕಡೆ ಜೋಲುತ್ತದೆ. ವಿಯೊನೆ ಕಾಗದದ ಮೇಲೆ ಚಿತ್ರ ಬರೆದು ಕೆಲಸ ಶುರುಮಾಡುತ್ತಿರಲಿಲ್ಲ; ಸುಮಾರು 80 ಸೆಂಟಿಮೀಟರ್ ಎತ್ತರದ ಮರದ ಗೊಂಬೆಗೆ ಮಸ್ಲಿನ್ ಸುತ್ತಿ, ಪಿನ್ನು ಚುಚ್ಚಿ, ಬಟ್ಟೆಯ ಬೀಳು ನೋಡುತ್ತಿದ್ದರು. ನಾಲ್ಕು ರೇಷ್ಮೆ ಚೌಕಗಳನ್ನು ಮೂಲೆ ಮೇಲಾಗಿ ಇಳಿಬಿಟ್ಟು ಜೋಡಿಸಿದ ಅವರ ಉಡುಪೊಂದಿದೆ. ಅದರಲ್ಲಿ ಕತ್ತರಿಯ ಕೆಲಸವೇ ಕಡಿಮೆ. ಸೀರೆ ನೋಡಿಯೇ ಇದನ್ನು ಕಲಿತರು ಎನ್ನುವ ಆಸೆ ನಮಗೆ ಸಹಜ. ಆದರೆ ಅವರ ಕಣ್ಣಿದ್ದದ್ದು ಗ್ರೀಕ್ ಶಿಲ್ಪಗಳ ಮೇಲೆ, ಜಪಾನಿನ ಕಿಮೋನೊ ಮೇಲೆ.

ಸೊಂಟ ಬಿಗಿಯುವ ಕಾರ್ಸೆಟ್ಟಿಗೆ ಇಂಥ ಉಡುಪಿನೊಳಗೆ ಜಾಗವಿರಲಿಲ್ಲ. ವಿಯೊನೆಯನ್ನು ಫ್ಯಾಷನ್ನಿನ ಯೂಕ್ಲಿಡ್, ಅಂದರೆ ರೇಖಾಗಣಿತಜ್ಞೆ, ಎಂದು ಹೊಗಳುವ ರೂಢಿಯಿದೆ. ನನಗೆ ಆ ಬಿರುದು ಒಗ್ಗದು. ಯೂಕ್ಲಿಡನ ರೇಖೆಗೆ ಭಾರವಿಲ್ಲ. ವಿಯೊನೆಯ ಲೆಕ್ಕವೆಲ್ಲ ಬಟ್ಟೆಯ ಭಾರದ್ದೇ.

1923ರಲ್ಲಿ ಅವರ ಸಂಸ್ಥೆ ಮೊಂತೆನ್ ಬೀದಿಯ ದೊಡ್ಡ ಕಟ್ಟಡಕ್ಕೆ ಬಂತು. ಮುಂದೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನ ದುಡಿದರು. ಹೊಲಿಗೆಯವರಿಗೆ ಬೆನ್ನಾನಿಕೆ ಇಲ್ಲದ ಸ್ಟೂಲೇ ಗತಿಯಾಗಿದ್ದ ಕಾಲದಲ್ಲಿ ಇಲ್ಲಿ ಕುರ್ಚಿ ಕೊಟ್ಟರು. ಊಟದ ಮನೆ, ವೈದ್ಯರು, ದಂತವೈದ್ಯರು, ಸಂಬಳಸಹಿತ ರಜೆ ಇದ್ದವು. ಫ್ರಾನ್ಸಿನಲ್ಲಿ ಅಂಥ ರಜೆ ಎಲ್ಲರ ಹಕ್ಕಾದದ್ದು 1936ರ ಕಾನೂನಿನಿಂದ. ಸ್ಟೂಲಿನ ಮೇಲೆ ಕೂತು ಬೆಳೆದವರಿಗಷ್ಟೇ ಹೊಳೆಯುವ ಸುಧಾರಣೆಗಳಿವು.

ನಕಲು ಮಾಡುವವರ ಮೇಲೆ ಮಾತ್ರ ಅವರಿಗೆ ಕಡುಕೋಪ. ಪ್ರತಿ ಉಡುಪನ್ನೂ ಕನ್ನಡಿಗಳ ಮುಂದೆ ನಿಲ್ಲಿಸಿ ಎಲ್ಲ ಮಗ್ಗುಲಿಂದ ಫೋಟೊ ತೆಗೆಸಿ ದಾಖಲೆ ಇಟ್ಟರು. ಲೇಬಲಿನ ಮೇಲೆ ಸಹಿಯ ಜೊತೆ ಹೆಬ್ಬೆಟ್ಟಿನ ಗುರುತನ್ನೂ ಒತ್ತಿದರು. ಉಡುಪು ಅಸಲಿ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಡ. ಆದರೂ ಒಂದು ತಕರಾರು: ಸಾವಿರ ಜನ ಹೊಲಿದ ಬಟ್ಟೆಗೆ ಬಿದ್ದ ಹೆಬ್ಬೆಟ್ಟು ಒಬ್ಬರದ್ದೇ. ಕುರ್ಚಿ ಕೊಟ್ಟ ಧಣಿಯೂ ಹೆಸರನ್ನು ಹಂಚಿಕೊಳ್ಳಲಿಲ್ಲ. ಅಂದಿನ ಯಾವ ಅಂಗಡಿಯೂ ಹಂಚಿಕೊಳ್ಳಲಿಲ್ಲ ಎಂಬುದೂ ನಿಜವೇ.

1939ರಲ್ಲಿ ಅಂಗಡಿ ಮುಚ್ಚಿತು. ವಿಯೊನೆ ಬದುಕಿದ್ದು 1975ರವರೆಗೆ. ನಡುವೆ, 1952ರಲ್ಲಿ, ನೂರಿಪ್ಪತ್ತಕ್ಕೂ ಹೆಚ್ಚು ಉಡುಪುಗಳನ್ನು, ನೂರಾರು ಮಸ್ಲಿನ್ ಮಾದರಿಗಳನ್ನು, ಫೋಟೊ ಆಲ್ಬಮ್ಮುಗಳನ್ನು ಫ್ರಾನ್ಸಿನ ಉಡುಪು ಸಂಗ್ರಹಕ್ಕೆ ದಾನ ಕೊಟ್ಟರು. ನಕಲನ್ನು ತಡೆಯಲು ತೆಗೆಸಿದ ಫೋಟೊಗಳೇ ಹೀಗೆ ಕಲಿಯುವವರ ಪಠ್ಯವಾದವು. 1990ರ ದಶಕದಲ್ಲಿ ಅಮೆರಿಕದ ಬೆಟ್ಟಿ ಕರ್ಕ್ ಆ ಉಡುಪುಗಳ ಕಟಿಂಗ್ ನಕ್ಷೆಗಳನ್ನು ಬಿಡಿಸಿ ಪುಸ್ತಕದಲ್ಲಿ ಕೊಟ್ಟರು. ಅದನ್ನು ಮುಂದಿಟ್ಟುಕೊಂಡು ಯಾರು ಬೇಕಾದರೂ ಈಗ ವಿಯೊನೆಯ ಉಡುಪು ಕತ್ತರಿಸಬಹುದು. ಬಟ್ಟೆಯ ಅಗಲ ಮಾತ್ರ ಮೊದಲೇ ನೋಡಿಕೊಳ್ಳಿ.